ಮಗ್ಗ ನಿಂತ ಮನೆ

೨೪ ಏಪ್ರಿಲ್ ೨೦೨೫, ಗುರುವಾರ

ಈ ನೋಟಬುಕ್ಕಿನ ಬಲಗಡೆಯ ಪುಟ ಡಾಕ್ಟರಬಾಯಿಗೆ, ಎಡಗಡೆಯದು ನನಗೆ. ಹಾಗಂತ ನಾನೇ ತೀರ್ಮಾನಿಸಿದ್ದೇನೆ. ಎಡಗಡೆಯದನ್ನು ಯಾರಿಗೂ ಓದಲು ಕೊಡುವುದಿಲ್ಲ.

ಬಲಗಡೆ ಬರೆಯಬೇಕಾದದ್ದು ಇಷ್ಟೇ. ಮೊಮ್ಮಗಳು ಅಂಕಿತಾಳ ಮೂತ್ರವನ್ನು ದಿನಾ ಬೆಳಿಗ್ಗೆ ಗಾಜಿನ ನಳಿಕೆಯಲ್ಲಿ ಕಾಸಬೇಕು. ತಿಳಿಯಾಗಿ ಉಳಿದರೆ ಒಳ್ಳೆಯದು, ಬೆಳ್ಳಗಾದರೆ ಕೆಟ್ಟದ್ದು. ಆರು ವರ್ಷದ ಹುಡುಗಿಗೆ ಕಿಡ್ನಿಯ ಜಡ್ಡು. ಸಡಿಲ ನೇಯ್ದ ಅರಿವೆಯಲ್ಲಿ ಹಿಟ್ಟು ಸೋಸಿದರೆ ಸೋರುತ್ತದಲ್ಲ, ಹಾಗೆ ಮೈಯೊಳಗಿನ ಸತ್ವ ಸೋರಿಹೋಗಿ ಮುಖ, ಕಾಲು ಬಾತುಕೊಳ್ಳುತ್ತವೆ. ಹೋದ ವರ್ಷ ಒಮ್ಮೆ ಬಂದು ಹೋಗಿತ್ತು. ಈಗ ತಿರುಗಿ ಬಂದಿದೆ.

ಕಾಸುವ ಕೆಲಸಕ್ಕೆ ಮನೆಯಲ್ಲಿ ಯಾರೂ ಮುಂದೆ ಬರಲಿಲ್ಲ. ಸೊಸೆ ಪ್ರಿಯಾ ಬಸ್ಸಿನ ಕಂಡಕ್ಟರ್, ನಸುಕಿನಲ್ಲೇ ಮುಂಡರಗಿ ಗಾಡಿಗೆ ಹೊರಟುಬಿಡುತ್ತಾಳೆ. ನನ್ನ ಹೆಂಡತಿ ಬನಶಂಕರೆವ್ವ ಮೂಗಿಗೆ ಸೆರಗು ಹಿಡಿದಳು. ಹತ್ತು ವರ್ಷ ಮಿಲಿಟರಿಯಲ್ಲಿದ್ದು, ನಲವತ್ತೈದು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತ ನನಗೆ ಇದೇನು ದೊಡ್ಡ ಕೆಲಸವೇ? ಹುಂ ಅಂದೆ.

ಡಾಕ್ಟರಬಾಯಿ ಬೆರಳೆತ್ತಿ ಹೇಳಿದ ಮಾತುಗಳು: ಉಪ್ಪು ಕಡಿಮೆ. ಸ್ಟಿರಾಯ್ಡ್ ಮಾತ್ರೆ ಒಂದು ದಿನವೂ ತಪ್ಪಿಸಬಾರದು. ಆ ಮಾತ್ರೆಯಿಂದ ಮೈಗೆ ರೋಗ ತಡೆಯುವ ಕಸುವು ಇಳಿದಿರುತ್ತದೆ, ಅದಕ್ಕೆ ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ ಇದ್ದವರ ಹತ್ತಿರ ಬಿಡಬಾರದು.

ಬನಶಂಕರೆವ್ವ ಹೇಳಿದ ಮಾತು ಇನ್ನೊಂದು. "ಹೆಣ್ಣ ಹುಡುಗಿ. ಜಡ್ಡೈತಿ ಅಂತ ಬೀಗರು ಬಿಜ್ಜರ ಮುಂದ ಡಂಗುರಾ ಹೊಡಿಬ್ಯಾಡ್ರಿ. ನಾಳಿ ಕೊಡೂಮುಂದ ತ್ರಾಸ ಆಗತೈತಿ." ಅದಕ್ಕೂ ಹುಂ ಅಂದೆ.

ಮಗ ಆನಂದ ಹವಾಲ್ದಾರ, ಜಮ್ಮು ಕಡೆ ಇದ್ದಾನೆ. ಮೇ ತಿಂಗಳಲ್ಲಿ ಬರುವವನಿದ್ದ. ಮಂಗಳವಾರ ಪಹಲ್ಗಾಮಿನಲ್ಲಿ ಆದದ್ದು ಆದ ಮೇಲೆ ಎಲ್ಲರ ರಜೆ ರದ್ದಾಗಿದೆಯಂತೆ. ಮಗಳಿಗೆ ಜಡ್ಡು ತಿರುಗಿ ಬಂದದ್ದು ಅವನಿಗೆ ಗೊತ್ತಿಲ್ಲ. ಗೊತ್ತಾಗಿ ಮಾಡುವುದೇನಿದೆ?

೨೯ ಏಪ್ರಿಲ್, ಮಂಗಳವಾರ

ಬೆಳ್ಳಗೆ. ಅಂಕಿತಾಳ ಕೆನ್ನೆ ಎರಡೂ ದುಂಡಗಾಗಿವೆ. ಉಪ್ಪಿಲ್ಲದ ಸಾರು ಉಣ್ಣಲು ಒಂದು ತಾಸು ಬೇಕು, ಅಳು ಬೇರೆ. "ಅಜ್ಜಾ, ಉಪ್ಪು ಅಂದ್ರ ವಿಷಾ ಏನು?" ಎಂದು ಕೇಳಿದಳು. ನಾನು ಒಂದು ತುತ್ತು ತಿಂದು ನೋಡಿದೆ. ಹುಡುಗಿಯ ತಪ್ಪಿಲ್ಲ.

೩ ಮೇ, ಶನಿವಾರ

ಮೂರು ದಿನದಿಂದ ತಿಳಿ! ನೀರಿನಷ್ಟು ತಿಳಿ. ಇನ್ನೂ ಕೆಲವು ದಿನ ಮಾತ್ರೆ ಪೂರ್ತಿ ಇರುತ್ತದೆ, ಆಮೇಲೆ ಇಳಿಸುತ್ತಾರೆ.

ಖುಷಿಗೆ ಹುಡುಗಿಯನ್ನು ಮಾಗಡಿ ಕೆರೆಗೆ ಹಕ್ಕಿ ತೋರಿಸಲು ಕರೆದುಕೊಂಡು ಹೋದೆ. ಬಸ್ಸಿಳಿದು ನೋಡಿದರೆ ಕೆರೆಯ ತುಂಬ ಬಿಸಿಲು, ಒಂದು ಹಕ್ಕಿಯೂ ಇಲ್ಲ. ಅವು ಚಳಿಗಾಲಕ್ಕೆ ಬಂದು ಬೇಸಗೆಗೆ ಹೊರಡುತ್ತವೆ ಎಂಬುದು ಕೆರೆಯ ದಂಡೆಯಲ್ಲಿ ನಿಂತ ಮೇಲೆ ನನಗೆ ನೆನಪಾಯಿತು. ಈ ಸೀಮೆಯಲ್ಲೇ ಹುಟ್ಟಿ ಎಪ್ಪತ್ನಾಲ್ಕು ವರ್ಷದವನಾದ ಜಾಣ!

"ಅವು ತಮ್ಮ ಊರಿಗೆ ಹೋಗ್ಯಾವವ್ವಾ" ಅಂದೆ.

"ಅವಕ್ಕ ರಜಾ ಸಿಕ್ಕೈತಿ. ಪಪ್ಪಾಗ ಯಾಕ ಸಿಕ್ಕಿಲ್ಲ?" ಎಂದು ದಂಡೆಯ ಮೇಲೆ ಕುಳಿತು ಅಳತೊಡಗಿದಳು.

ಸಮಾಧಾನ ಮಾಡಲು ಮುಂದಿನ ಬಸ್ಸು ಹತ್ತಿಸಿ ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿ ಬನಶಂಕರೆವ್ವನ ತಮ್ಮನ ಮಗ ಹೊನ್ನೇಶನ ಮನೆ. ಅವನೂ ನೇಕಾರ. ಅವನಿಗೆ ಚಿನ್ನು ಅಂತ ನಾಲ್ಕು ವರ್ಷದ ಮಗ ಇದ್ದಾನೆ, ಆಡಿಕೊಂಡಿರಲಿ ಎಂದುಕೊಂಡೆ. ಹೊನ್ನೇಶ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಸುಶ್ಮಿತಾ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. "ಬರ್ರಿ" ಅಂದಳು, ಒಲ್ಲದ ಮನಸ್ಸಿನ ಬರ್ರಿ. ಪಡಸಾಲೆಯಲ್ಲಿ ಮಗ್ಗ ನಿಂತಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ಲಾಳಿ ಹಾಗೇ ಬಿದ್ದಿತ್ತು, ಅದರ ನೂಲನ್ನು ಕೂಡ ಹರಿದು ತೆಗೆದಿರಲಿಲ್ಲ. ಶನಿವಾರ, ಕೆಲಸದ ದಿನ, ಮಟಮಟ ಮಧ್ಯಾಹ್ನ!

"ಏನವ್ವಾ, ಹೊನ್ನೇಶ ಮಗ್ಗಕ್ಕ ಪಿಂಚಣಿ ಕೊಟ್ಟಾನೇನು?" ಎಂದು ನಗಿಸಲು ನೋಡಿದೆ.

"ಹಂಗ ನಿಂತೈತ್ರಿ ಮಾವಾರ" ಅಂದಳು. ನಗಲಿಲ್ಲ.

ಚಹಾ ಇಲ್ಲ, ಮಜ್ಜಿಗೆ ಕೊಟ್ಟಳು. ಅದಕ್ಕೆ ವಗ್ಗರಣೆಯೂ ಇಲ್ಲ. ಚಿನ್ನು ಒಳಗೆ ಮಲಗಿದ್ದಾನೆ ಅಂದಳು. ಅಂಕಿತಾ ಯಾವಾಗಲೋ ಒಳಗೆ ಹೋಗಿ ಅವನ ಪಕ್ಕದಲ್ಲಿ ಮಲಗಿ ಮೊಬೈಲ್ ನೋಡುತ್ತಿದ್ದಳು. "ಅಂಕಿತಾ ಭಾಳ ದುಂಡಗಾಗ್ಯಾಳಲ್ರಿ" ಎಂದು ಸುಶ್ಮಿತಾ ಕೇಳಿದಾಗ, "ಅವರ ಅಜ್ಜಿ ಕೈ ಅಡಗಿ" ಎಂದು ತೇಲಿಸಿಬಿಟ್ಟೆ. ಹೊರಡುವಾಗ ಹುಡುಗಿಗೆ ಕುಂಕುಮ ಹಚ್ಚಲಿಲ್ಲ, "ಹೋಗಿ ಬರ್ರಿ" ಅನ್ನಲಿಲ್ಲ. ಈಗಿನ ಹುಡುಗಿಯರಿಗೆ ರೀತಿ ರಿವಾಜು ಯಾರು ಕಲಿಸಬೇಕು?

ಬಸ್‌ಸ್ಟ್ಯಾಂಡಿನಲ್ಲಿ ಅಂಕಿತಾ ಉಪ್ಪು ಖಾರ ಹಚ್ಚಿದ ಚೂಡಾ ಬೇಡಿದಳು. ನಾಲ್ಕು ಕಾಳು ತಿಂದರೆ ಏನಾದೀತು ಎಂದು ಕೊಡಿಸಿದೆ. ನಾಲ್ಕಲ್ಲ, ಪೊಟ್ಟಣವೇ ಖಾಲಿಯಾಯಿತು. ಲಕ್ಷ್ಮೇಶ್ವರದ ಸುದ್ದಿಯನ್ನೇ ಮನೆಯಲ್ಲಿ ಎತ್ತಬಾರದು ಎಂದು ಇಬ್ಬರೂ ಕೈ ಮೇಲೆ ಕೈ ಹಾಕಿ ಆಣೆ ಮಾಡಿಕೊಂಡು ಬಂದಿದ್ದೇವೆ.

೬ ಮೇ, ಮಂಗಳವಾರ

ಅಕ್ಷರ ಸೊಟ್ಟ ಬಂದರೆ ಬರಲಿ.

ಬೆಳಿಗ್ಗೆ ಬನಶಂಕರೆವ್ವ ಅಂಕಿತಾಳ ಹಣೆಗೆ ಬೊಟ್ಟಿಡುತ್ತಿದ್ದಳು. ಹುಡುಗಿ, "ನನಗ ಒಂದಽ ಬೊಟ್ಟು, ಚಿನ್ನುಗ ಮೈತುಂಬ ಬೊಟ್ಟು" ಅಂದಳು.

ಬನಶಂಕರೆವ್ವನ ಬೆರಳು ಹಣೆಯ ಮೇಲೇ ನಿಂತಿತು. "ಯಾವ ಚಿನ್ನು? ಯಾವಾಗ ನೋಡಿದಿ?"

ಹುಡುಗಿ ನನ್ನ ಕಡೆ ನೋಡಿದಳು. ಆಣೆ ಅಲ್ಲಿಗೆ ಮುಗಿಯಿತು. ಲಕ್ಷ್ಮೇಶ್ವರಕ್ಕೆ ಹೋದದ್ದನ್ನು ಒಪ್ಪಿಕೊಂಡೆ. ಆಮೇಲೆ ಅವಳು ಒಂದೊಂದೇ ಕೇಳತೊಡಗಿದಳು.

"ಮಗ್ಗ ನಡದಿತ್ತೇನು?"

"ಇಲ್ಲ, ನಿಂತಿತ್ತು."

"ಲಾಳಿ?"

"ಅರಿವಿ ಮ್ಯಾಲೆ ಇತ್ತು. ನೂಲು ಹರಿದಿದ್ದಿಲ್ಲ."

"ವಗ್ಗರಣಿ ವಾಸನಿ?"

"ಇಲ್ಲ."

"ಹೋಗಿ ಬರ್ರಿ ಅಂದಳೇನು?"

ಇಲ್ಲ ಎಂದು ತಲೆಯಾಡಿಸಿದೆ. ಅಷ್ಟು ಹೊತ್ತಿಗೆ ನನಗೂ ತಿಳಿದಿತ್ತು.

"ತಾಯಿ ಬಂದಾಳ ಆ ಮನ್ಯಾಗ" ಅಂದಳು ಬನಶಂಕರೆವ್ವ.

ಮೈಮೇಲೆ ಗುಳ್ಳೆ ಎದ್ದರೆ ನಮ್ಮ ನೇಕಾರ ಮನೆಗಳಲ್ಲಿ ಅದಕ್ಕೆ ಜಡ್ಡು ಅನ್ನುವುದಿಲ್ಲ, ತಾಯಿ ಬಂದಳು ಅನ್ನುತ್ತೇವೆ. ತಾಯಿ ಇರುವಷ್ಟು ದಿನ ಮಗ್ಗ ಸಪ್ಪಳ ಮಾಡಬಾರದು, ನೂಲು ಹರಿಯಬಾರದು, ಎಣ್ಣೆ ಕಾಸಬಾರದು. ಬಂದವರಿಗೆ ಹೇಳಬಾರದು, ಹೋಗುವವರಿಗೆ ಬಾ ಅನ್ನಬಾರದು. ಇಷ್ಟೆಲ್ಲ ಗೊತ್ತಿದ್ದ ನೇಕಾರನೇ ನಿಂತ ಮಗ್ಗದ ಮುಂದೆ ಕುಳಿತು ಪಿಂಚಣಿಯ ಚೇಷ್ಟೆ ಮಾಡಿ ಬಂದಿದ್ದೇನೆ. ಬೇರೆ ಯಾರಾದರೂ ಮೋಸ ಹೋದರೆ ಸರಿ, ನಾನು?

ಸುಶ್ಮಿತಾಗೆ ಫೋನು ಹಚ್ಚಿದೆ. ಬಾಯಿಗೆ ಬಂದದ್ದು ಅಂದೆ. ಅವಳು ಅಳುತ್ತಲೇ ಹೇಳಿದಳು: "ನಮ್ಮ ಮನಿ ಅತ್ತಿಯಾರು ಬಾಯಿ ಬಿಡಬ್ಯಾಡ ಅಂದಿದ್ರು ಮಾವಾರ. ಒಳಗ ಬಿಡೂದೋ ಬ್ಯಾಡೋ ಅಂತ ಜೀವ ಒದ್ದಾಡಿತು. ಆದ್ರ ಅಂಕಿತಾಗ ಇಂಥಾ ಜಡ್ಡೈತಿ ಅಂತ ನಮಗರ ಯಾರ ಹೇಳಿದ್ರಿ? ಗೊತ್ತಿದ್ರ ಹೊಚ್ಚಲಾ ದಾಟಾಕ ಬಿಡತಿದ್ನೇನು?"

ಫೋನು ಇಟ್ಟು ಡಾಕ್ಟರಬಾಯಿಯ ಹತ್ತಿರ ಓಡಿದೆ.

ಡಾಕ್ಟರಬಾಯಿ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. ಪೂರ್ತಿ ಮಾತ್ರೆಯ ಮೇಲಿರುವ ಮಗುವಿಗೆ ಚಿಕನ್ ಪಾಕ್ಸ್ ಬಂದರೆ ಪುಪ್ಪುಸಕ್ಕೆ, ತಲೆಗೆ ಇಳಿಯಬಹುದು, ಜೀವಕ್ಕೇ ಬರಬಹುದು ಎಂದರು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವ ಹಾಗೂ ಇಲ್ಲ. ಒಂದು ಇಂಜೆಕ್ಷನ್ ಇದೆ, ಸೋಂಕು ತಗಲಿ ನಾಲ್ಕು ದಿನದೊಳಗೆ ಕೊಟ್ಟರೆ ಒಳ್ಳೆಯದು. ಅದು ಗದಗಿನಲ್ಲಿ ಇಲ್ಲ, ಹುಬ್ಬಳ್ಳಿಯಲ್ಲಿ ವಿಚಾರಿಸುತ್ತೇನೆ, ನಾಳೆ ಬೆಳಿಗ್ಗೆಯೇ ಹೋಗಿ ಎಂದರು.

ನಾಲ್ಕು ದಿನದಲ್ಲಿ ಮೂರನ್ನು ನನ್ನ ಒಂದು ಪೊಟ್ಟಣ ಚೂಡಾ ನುಂಗಿತು.

೭ ಮೇ, ಬುಧವಾರ

ನೂಲಿಗೆ ಬಣ್ಣ ಹಾಕುವ ದಾದಾಪೀರ ನನ್ನ ಓರಗೆಯವನು, ಗೆಳೆಯ. ಅವನ ಮಗ ರಫೀಕ ಬೆಳಿಗ್ಗೆ ಕಾರು ತಂದು ಬಾಗಿಲಿಗೆ ನಿಲ್ಲಿಸಿದ. ಪ್ರಿಯಾ, ನಾನು, ಅಂಕಿತಾ ಹೊರಟೆವು. ಬೆಟಗೇರಿ ದಾಟುವ ಮೊದಲೇ ರಫೀಕನ ಮೊಬೈಲಿನಲ್ಲಿ ಸುದ್ದಿ ಬಂತು. ನಮ್ಮವರು ಗಡಿಯಾಚೆ ಹೊಡೆದಿದ್ದಾರೆ. ಈಚೆ ಕಡೆ ಪೂಂಛದ ಮೇಲೆ ಗುಂಡಿನ ಮಳೆ. ಪ್ರಿಯಾ ಆನಂದನಿಗೆ ಫೋನು ಹಚ್ಚಿದಳು. ಬಂದ್. ಮತ್ತೆ ಹಚ್ಚಿದಳು. ಹುಬ್ಬಳ್ಳಿ ಬರುವ ತನಕ ಹಚ್ಚುತ್ತಲೇ ಇದ್ದಳು.

ಮೊದಲನೇ ಅಂಗಡಿಯಲ್ಲಿ ಇಲ್ಲ. ಎರಡನೆಯದರಲ್ಲಿ ನಾಳೆ ಬರುತ್ತದೆ ಅಂದರು. ನಾಳೆ ಯಾರಿಗೆ ಬೇಕು? ಮೂರನೆಯವನು ಇನ್ನೊಬ್ಬನಿಗೆ ಫೋನು ಮಾಡಿ ತರಿಸಿಕೊಟ್ಟ. ಐಸಿನ ಡಬ್ಬಿಯನ್ನು ರಫೀಕ ಎದೆಗವಚಿಕೊಂಡು ಓಡಿ ಬಂದ. ಹನ್ನೆರಡೂವರೆಗೆ ಇಂಜೆಕ್ಷನ್ ಆಯಿತು. ಶನಿವಾರ ಇದೇ ಹೊತ್ತಿಗೆ ಅಂಕಿತಾ ಚಿನ್ನುವಿನ ಹಾಸಿಗೆಯ ಮೇಲಿದ್ದಳು. ಇನ್ನು ಇಪ್ಪತ್ತೆಂಟು ದಿನ ಕಾಯಬೇಕಂತೆ. ಬರಲೂಬಹುದು, ಬರದೆಯೂ ಇರಬಹುದು.

ವಾಪಸು ಬರುವಾಗ ಪ್ರಿಯಾ, "ಅವರಿಗೆ ಒಂದು ಮೆಸೇಜ್ ಹಾಕತೇನ್ರಿ ಮಾವಾರ, ಫೋನ್ ಚಾಲೂ ಆದಾಗ ನೋಡ್ಲಿ" ಅಂದಳು. ಕೂಡದು ಅಂದೆ. ಗುಂಡಿನ ಎದುರು ನಿಂತವನಿಗೆ ಮನೆಯ ಕಡೆಯಿಂದ ಹಗುರಾದ ಸುದ್ದಿಯೇ ಹೋಗಬೇಕು. ಮನಸ್ಸು ಒಂದು ಕ್ಷಣ ಊರಿಗೆ ಹೊರಳಿದರೆ ತಲೆ ಎತ್ತಬಾರದ ಹೊತ್ತಿನಲ್ಲಿ ಎತ್ತುತ್ತಾನೆ. ನಾನು ನೋಡಿದ್ದೇನೆ. ಪ್ರಿಯಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಆನಂದನಿಗೆ ತಿಳಿಸುವುದು ಬೇಡ ಅಂದದ್ದನ್ನು ಮನೆಗೆ ಬಂದು ಬನಶಂಕರೆವ್ವನಿಗೆ ಹೇಳಿದೆ. ಅವಳು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಳು.

೮ ಮೇ, ಗುರುವಾರ

ಮೂತ್ರ ತಿಳಿ. ಆನಂದನ ಫೋನು ಬಂದ್.

೯ ಮೇ, ಶುಕ್ರವಾರ

ಫೋನು ಬಂದ್. ಟಿವಿಯವರು ಕುಳಿತ ಕುರ್ಚಿಯಿಂದಲೇ ಎರಡು ಊರು ಗೆದ್ದರು. ಯುದ್ಧ ಗೊತ್ತಿಲ್ಲದವರಿಗೆ ಅದು ಎಷ್ಟು ಚೆಂದ ಕಾಣುತ್ತದೆ! ತಂತಿ ಕಿತ್ತುಹಾಕಿದೆ.

೧೦ ಮೇ, ಶನಿವಾರ

ಸಂಜೆ ಗುಂಡು ನಿಂತಿದೆ ಎಂದು ಸುದ್ದಿ. ಸ್ವಲ್ಪ ಹೊತ್ತಿನ ಮೇಲೆ ಆನಂದನ ದನಿಯ ಮೆಸೇಜು ಮೊಬೈಲಿಗೆ ಬಂತು: "ಅಪ್ಪಾ, ಅರಾಮ ಅದೀನಿ. ಅಂಕಿ ಹೆಂಗದಾಳ?" ಪ್ರಿಯಾ ಅದನ್ನೇ ತಿರುಗಿ ತಿರುಗಿ ಹಚ್ಚಿ ಕೇಳಿದಳು. ನಾನು ಉತ್ತರ ಕಳಿಸಿದೆ: "ಎಲ್ಲಾರೂ ಅರಾಮ. ನೀ ನಿನ್ನ ಕೆಲಸದ ಕಡೆ ಲಕ್ಷ್ಯ ಕೊಡು." ಬದುಕಿದ್ದಾನೆ. ಇವತ್ತಿಗೆ ಅಷ್ಟು ಸಾಕು.

೧೨ ಮೇ, ಸೋಮವಾರ

ದಾದಾಪೀರನ ಜೊತೆ ಜಗಳ. ಅವನ ಮನೆಯಲ್ಲಿ ಚಹಾ ಕುಡಿಯುತ್ತ ಆನಂದನಿಗೆ ಕಳಿಸಿದ ಉತ್ತರ ಹೇಳಿದೆ. ಅವನು ಬಟ್ಟಲು ಕೆಳಗಿಟ್ಟ.

"ಕಲ್ಲಣ್ಣ, ಸಿಟ್ಟಿಗೇಳಬ್ಯಾಡ. ನಿನಗ ಹೇಳಲಿಲ್ಲ ಅಂತ ನಿಮ್ಮವ್ವನ ಕೂಡ ಹನ್ನೊಂದು ವರ್ಷ ಮಾತ ಬಿಟ್ಟಾಂವ ನೀ. ಈಗ ನಿನ್ನ ಮಗಗ ನೀ ಏನ ಮಾಡಾಕ ಹತ್ತೀದಿ?"

"ಅದು ಬ್ಯಾರೆ, ಇದು ಬ್ಯಾರೆ."

"ಹೆಂಗ ಬ್ಯಾರೆ, ಹೇಳು ನೋಡೂಣು."

ಚಹಾ ಬಿಟ್ಟು ಎದ್ದು ಬಂದೆ.

ಯಾರೂ ಓದದ ಪುಟ ಇದು, ಬರೆದುಬಿಡುತ್ತೇನೆ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ನಾನು ಜಮ್ಮುವಿನ ಛಂಬ್ ಕಡೆ ಯುದ್ಧದಲ್ಲಿದ್ದೆ, ಇಪ್ಪತ್ತು ವರ್ಷದವನು. ಇಲ್ಲಿ ನಮ್ಮ ಚೊಚ್ಚಲ ಮಗ ಹೊನ್ನಪ್ಪ, ವರ್ಷ ತುಂಬಿದ ಕೂಸು. ಅವನನ್ನು ನಾನು ನೋಡಿದ್ದು ಒಂದೇ ಸಲದ ರಜೆಯಲ್ಲಿ. ಎಪ್ಪತ್ತೆರಡರ ಮಾರ್ಚಿನಲ್ಲಿ ಜಮ್ಮುವಿನಿಂದ ಒಂದು ಉಣ್ಣೆಯ ಟೊಪ್ಪಿಗೆ ತೆಗೆದುಕೊಂಡು ಬಾಗಿಲಿಗೆ ಬಂದೆ. ಕೂಸು ಹೋಗಿ ಮೂರು ತಿಂಗಳಾಗಿತ್ತು. ತಾಯಿ ಬಂದಿದ್ದಳು, ಕರೆದುಕೊಂಡು ಹೋದಳು ಅಂದರು. ಯಾಕೆ ಬರೆಯಲಿಲ್ಲ ಅಂದೆ. ಅವ್ವ, "ನಾನಽ ಬ್ಯಾಡ ಅಂದೆ" ಅಂದಳು. ಅಷ್ಟೇ. ಅವಳು ಸಾಯುವ ತನಕ ನಾನು ಅವಳನ್ನು ಅವ್ವ ಎಂದು ಕರೆಯಲಿಲ್ಲ. ಬನಶಂಕರೆವ್ವನ ಹತ್ತಿರ ಕೂಸಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನು ನಾಳೆ ಸಾವಕಾಶವಾಗಿ ಬರೆಯುತ್ತೇನೆ.

೧೬ ಮೇ, ಶುಕ್ರವಾರ

ಬರೆಯಲಿಲ್ಲ. ಹೊತ್ತಾಗಲಿಲ್ಲ.

ದಿನಾ ಮುಂಜಾನೆ ಅಂಕಿತಾಳ ಬೆನ್ನು, ಹೊಟ್ಟೆ, ಕಿವಿಯ ಹಿಂದೆ ನೋಡುತ್ತೇನೆ. ಸೊಳ್ಳೆ ಕಚ್ಚಿದ ಕಲೆ ಕಂಡರೂ ಕನ್ನಡಕ ಹಾಕಿ ಮತ್ತೊಮ್ಮೆ ನೋಡುತ್ತೇನೆ. "ಅಜ್ಜಾ, ಗುಳುಗುಳು ಆಗತೈತಿ" ಎಂದು ಅವಳು ನಗುತ್ತಾಳೆ.

೨೧ ಮೇ, ಬುಧವಾರ

ಎಡ ಕಿವಿಯ ಹಿಂದೆ ಒಂದು. ನೀರು ತುಂಬಿದ ಸಣ್ಣ ಗುಳ್ಳೆ. ಹೊಟ್ಟೆಯ ಮೇಲೆ ಎರಡು.

ಬನಶಂಕರೆವ್ವನನ್ನು ಕರೆದು ತೋರಿಸಿದೆ. ಆಸ್ಪತ್ರೆ ಬೇಡ, ತಾಯಿಗೆ ಸಿಟ್ಟು ಬರುತ್ತದೆ ಅನ್ನುತ್ತಾಳೆ ಎಂದುಕೊಂಡು ಜಗಳಕ್ಕೆ ತಯಾರಾಗಿಯೇ ನಿಂತಿದ್ದೆ. ಅವಳು ಚೀಲಕ್ಕೆ ಅರಿವೆ ತುಂಬುತ್ತ, "ಏನ ನೋಡಾಕ ಹತ್ತೀರಿ? ಗಾಡಿಗೆ ಹೇಳ್ರಿ ಜಲ್ದಿ" ಅಂದಳು. ಒಂದು ಹಿಡಿ ಬೇವಿನ ತಪ್ಪಲನ್ನೂ ಚೀಲಕ್ಕೆ ಹಾಕಿಕೊಂಡಳು. ತಾಯಿ ಮತ್ತು ಡಾಕ್ಟರಬಾಯಿ ಇಬ್ಬರನ್ನೂ ಒಟ್ಟಿಗೆ ನಂಬುವುದು ಅವಳಿಗೆ ಕಷ್ಟವೇನಲ್ಲ.

ಗದಗಿನ ಆಸ್ಪತ್ರೆಯಲ್ಲಿ ಬೇರೆ ಕೋಣೆ ಕೊಟ್ಟಿದ್ದಾರೆ. ಸಲಾಯಿನಿನಲ್ಲಿ ಔಷಧ ಹೋಗುತ್ತಿದೆ. ಮಧ್ಯಾಹ್ನ ಅರಿವೆ ತರಲು ಮನೆಗೆ ಬಂದಾಗ ಮಗ್ಗದ ಮುಂದೆ ನಿಂತೆ. ಗಿರಾಕಿಗೆ ನಾಲ್ಕು ದಿನದಲ್ಲಿ ಸೀರೆ ಕೊಡಬೇಕು. ಕೂರಲಿಲ್ಲ. ಲಾಳಿಯನ್ನು ಅರಿವೆಯ ಮೇಲೆ ಹಾಗೇ ಬಿಟ್ಟು ಬಂದೆ. ನಂಬಿಕೆಯೆಂದಲ್ಲ, ಕೈ ಓಡಲಿಲ್ಲ.

೨೨ ಮೇ, ಗುರುವಾರ

ಜ್ವರ ನೂರಾ ಮೂರು. ಗುಳ್ಳೆ ಮುಖಕ್ಕೆ ಏರಿವೆ. ಕೆಮ್ಮು ಶುರುವಾಗಿದೆ.

೨೩ ಮೇ, ಶುಕ್ರವಾರ

ಬೆಳಿಗ್ಗೆ ಎಕ್ಸರೇ ತೆಗೆದರು. ಪುಪ್ಪುಸಕ್ಕೆ ಇಳಿದಿದೆ. ಮೂಗಿಗೆ ಆಕ್ಸಿಜನ್ನಿನ ನಳಿಕೆ ಹಾಕಿದ್ದಾರೆ. ಡಾಕ್ಟರಬಾಯಿ ಪ್ರಿಯಾಳ ಭುಜದ ಮೇಲೆ ಕೈಯಿಟ್ಟು, "ಇನ್ನು ಎರಡು ದಿನ ಮುಖ್ಯ" ಅಂದರು. ಪ್ರಿಯಾ ಅಳಲಿಲ್ಲ. ಡ್ಯೂಟಿಯ ಖಾಕಿ ಅಂಗಿಯಲ್ಲೇ ಇದ್ದಳು, ಮೂರು ದಿನದಿಂದ ಅದನ್ನು ಬದಲಿಸಿಲ್ಲ. ಗಂಡನಿಗೆ ಹೇಳಲು ಬಿಡದ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ನಾನು ಮರೆಯುವ ಹಾಗಿಲ್ಲ.

ಮಧ್ಯಾಹ್ನ ನನ್ನ ಮೊಬೈಲಿಗೆ ಆನಂದನ ವಿಡಿಯೋ ಕರೆ ಬಂತು. ಮುಖ ಕರ್ರಗಾಗಿದೆ, ಗಡ್ಡ ಬಂದಿದೆ. "ಅಪ್ಪಾ, ಅಂಕಿನ್ನ ತೋರ್ಸು. ತಿಂಗಳಾತು ಮುಖಾ ನೋಡಿ." ನಾನು ಗೋಡೆಯ ಕಡೆ ತಿರುಗಿ, "ಮಲಗ್ಯಾಳಪ್ಪ, ಸಂಜೀಕ ಮಾಡು, ನೆಟ್‌ವರ್ಕ್..." ಎಂದು ಶುರು ಮಾಡಿದೆ.

ಬನಶಂಕರೆವ್ವ ಹಿಂದಿನಿಂದ ಬಂದು ಮೊಬೈಲನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಐವತ್ತಾರು ವರ್ಷದ ಸಂಸಾರದಲ್ಲಿ ನನ್ನ ಕೈಯಿಂದ ಅವಳು ಏನನ್ನೂ ಕಿತ್ತುಕೊಂಡಿರಲಿಲ್ಲ.

"ಆನಂದಾ, ಕುಂಡ್ರು. ಕುಂತಿಯೇನು? ಅಂಕಿತಾ ದವಾಖಾನ್ಯಾಗ ಅದಾಳ. ಹಳೇ ಜಡ್ಡು ತಿರಿಗಿ ಬಂದಿತ್ತು. ಅದರ ಮ್ಯಾಲೆ ಮೈತುಂಬ ಗುಳ್ಳಿ ಎದ್ದಾವ. ಎದಿಗೆ ಇಳದೈತಿ. ಎರಡು ದಿನಾ ಏನೂ ಹೇಳಾಕ ಆಗೂದಿಲ್ಲಂತ. ನಾವು ನಿನಗ ಸುಳ್ಳು ಹೇಳಿದ್ವಿ. ಈಗ ಖರೆ ಹೇಳಾಕ ಹತ್ತೇನಿ."

ಗುಳ್ಳೆಗೆ ಅವಳು ಗುಳ್ಳೆ ಎಂದೇ ಅಂದಳು. ತಾಯಿಯ ಹೆಸರೆತ್ತಲಿಲ್ಲ.

ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆಮೇಲೆ ಅವನು ಕೇಳತೊಡಗಿದ: ಆಕ್ಸಿಜನ್ ಎಷ್ಟಿದೆ, ಯಾವ ಔಷಧ, ಎಂದಿನಿಂದ, ಮೂತ್ರ ಹೇಗಿದೆ. ಮೂತ್ರದ್ದನ್ನು ನಾನು ಹೇಳಿದೆ. ದನಿ ನಡುಗಲಿಲ್ಲ ಅವನದು. ಪ್ರಿಯಾಳನ್ನು ಕೇಳಿದ. ಅವಳು ಮೊಬೈಲನ್ನು ಹಿಡಿದುಕೊಂಡು ಮೊದಲ ಸಲ ಅತ್ತಳು. ಅವನು ಅಳಲು ಬಿಟ್ಟ. ಆಮೇಲೆ ಮೊಬೈಲನ್ನು ಅಂಕಿತಾಳ ಕಿವಿಗೆ ಇಡಿಸಿಕೊಂಡು ಏನೋ ಹೇಳಿದ, ನಮಗೆ ಕೇಳಿಸಲಿಲ್ಲ. ಅವಳ ಬೆರಳು ಹಾಸಿಗೆಯ ಮೇಲೆ ಆಡಿದವು.

ಕಡೆಗೆ ನನಗೆ ಅಂದ: "ಅಪ್ಪಾ, ನೀ ಅರಾಮ, ಅರಾಮ ಅಂದಷ್ಟೂ ನನಗ ಅಂಜಿಕಿ ಹೆಚ್ಚಾಗತಿತ್ತು. ಅಲ್ಲಿ ಬಂಕರಿನ್ಯಾಗ ಕುಂತು ನಾ ಏನೇನ ಎಣಿಸಿದ್ನೋ ನಿನಗ ಗೊತ್ತಿಲ್ಲ. ಇನ್ನ ಮ್ಯಾಲೆ ದಿನಾ ಖರೆ ಹೇಳು. ರಜಾ ಕೇಳತೇನಿ. ಸಿಗೂದು ಬಿಡೂದು ಅವರ ಕೈಯಾಗ."

ಹುಂ ಅಂದೆ. ಈ ಸಲದ ಹುಂ ಬೇರೆ.

೨೪ ಮೇ, ಶನಿವಾರ

ಮೂರು ಸಲ ಆನಂದನಿಗೆ ಹೇಳಿದೆ. ಬೆಳಿಗ್ಗೆ: ಇದ್ದ ಹಾಗೇ ಇದೆ. ಮಧ್ಯಾಹ್ನ: ಜ್ವರ ಏರಿದೆ. ಸಂಜೆ: ಏರಿದ್ದು ಇಳಿದಿಲ್ಲ. ಹೇಳಿದ ಮೇಲೆ ಎದೆ ಸ್ವಲ್ಪ ಸಡಿಲಾಗುತ್ತದೆ. ರಜೆ ಸಿಕ್ಕಿಲ್ಲ.

ದಾದಾಪೀರ ಬಂದಿದ್ದ. ಹೊರಗಿನ ಬಾಕಿನ ಮೇಲೆ ನನ್ನ ಪಕ್ಕದಲ್ಲಿ ಸಂಜೆಯ ತನಕ ಕುಳಿತು ಹೋದ.

೨೬ ಮೇ, ಸೋಮವಾರ

ಜ್ವರ ಬಿಟ್ಟಿದೆ! ನಳಿಕೆ ತೆಗೆದರು. ಅಂಕಿತಾ ಕಣ್ಣು ಬಿಟ್ಟು ಮೊದಲು ಕೇಳಿದ್ದು ಚೂಡಾ. ಡಾಕ್ಟರಬಾಯಿಯ ಮುಂದೆಯೇ. ಅವರು ನನ್ನ ಕಡೆ ತಿರುಗಿ ನೋಡಿದರು. ನಾನು ಲಕ್ಷ್ಮೇಶ್ವರದ ಪೊಟ್ಟಣವನ್ನು ಅಲ್ಲೇ ಒಪ್ಪಿಕೊಂಡೆ. ಬೈಸಿಕೊಂಡೆ. ಇಷ್ಟು ಸುಖವಾಗಿ ಬೈಸಿಕೊಂಡದ್ದು ನೆನಪಿಲ್ಲ.

೩೦ ಮೇ, ಶುಕ್ರವಾರ

ಮನೆಗೆ ಬಂದೆವು. ಗುಳ್ಳೆಗಳು ಒಣಗಿವೆ. ಸುಶ್ಮಿತಾ, ಹೊನ್ನೇಶ ಬಂದಿದ್ದರು. ಚಿನ್ನುಗೂ ಗುಣವಾಗಿದೆ. ಸುಶ್ಮಿತಾ ಕಾಲು ಹಿಡಿಯಲು ಬಂದಳು, ನಾನು ಬಿಡಲಿಲ್ಲ. ಅಂಕಿತಾಳ ಜಡ್ಡಿನ ಹೆಸರು, ಮಾತ್ರೆ, ಉಪ್ಪು, ಎಲ್ಲವನ್ನೂ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಬನಶಂಕರೆವ್ವ ತಡೆಯಲಿಲ್ಲ. ಮರೆತದ್ದನ್ನು ಅವಳೇ ಸೇರಿಸಿದಳು.

೧ ಜೂನ್, ಭಾನುವಾರ

ಪ್ರಿಯಾ ಡ್ಯೂಟಿಗೆ ಹೋಗಿದ್ದಾಳೆ. ಊಟವಾದ ಮೇಲೆ ಅಂಕಿತಾ ಮಲಗಿದಳು. ನಾನು ಮಗ್ಗದಲ್ಲಿದ್ದೆ, ಬನಶಂಕರೆವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಮಗ್ಗ ನಿಲ್ಲಿಸಿ ಕೇಳಿದೆ. ಯಾಕೆ ಕೇಳಿದೆನೋ, ಬಾಯಿಗೆ ಬಂತು.

"ಹೊನ್ನಪ್ಪಗ ಎಷ್ಟ ದಿನಾ ಇತ್ತು?"

ಅವಳ ಕೈ ನಿಲ್ಲಲಿಲ್ಲ. "ಒಂಬತ್ತು ದಿನಾ" ಅಂದಳು. ಆಮೇಲೆ ಹೇಳುತ್ತ ಹೋದಳು. ನೀರು ಕೇಳುತ್ತಿತ್ತಂತೆ. ನನ್ನ ಹಳೆಯ ಮಿಲಿಟರಿ ಕಂಬಳಿಯ ಮೇಲೇ ಮಲಗಬೇಕಂತೆ. ಏಳನೇ ದಿನ ಎದ್ದು ಕುಳಿತು ನಕ್ಕಿತ್ತಂತೆ, ಉಳಿಯಿತು ಎಂದುಕೊಂಡರಂತೆ.

"ಅವ್ವ ಆವಾಗರ ಕಾಗದಾ ಬರಸಬೇಕಿತ್ತು" ಅಂದೆ. ಹಳೆಯ ಸಿಟ್ಟು ಹಾಗೇ ಇತ್ತು ನನ್ನ ದನಿಯಲ್ಲಿ.

ಈಗ ಅವಳ ಕೈ ನಿಂತಿತು. "ನಿಮ್ಮವ್ವ ಬರಸಾಕ ಮಾಸ್ತರನ ಕರಕೊಂಡ ಬಂದಿದ್ಲು. ಕೂಸು ಹೋದ ಮರುದಿನ. ಮಾಸ್ತರ ಪೆನ್ನು ತಗದು ಕುಂತಿದ್ದ. ನಾನಽ ಬ್ಯಾಡ ಅಂದೆ."

ನಾನು ಅವಳ ಮುಖ ನೋಡಿದೆ.

"ಕೂಸಂತೂ ಕೈ ಬಿಟ್ಟಿತ್ತು. ಊರಿಗೆ ದಿನಾ ತಾರ ಬರತಿದ್ದುವು, ಇವರ ಮಗ ಹೋದ, ಅವರ ಅಳಿಯ ಹೋದ ಅಂತ. ಕಾಗದಾ ಓದಿ ನೀವು ಹುಚ್ಚರಂಗ ಎದ್ದು ನಿಂತ್ರ? ಒಬ್ಬರನ್ನರ ಉಳಿಸಿಕೋಬೇಕಿತ್ತು ನನಗ. ಆಗ ಹದಿನೆಂಟು ವರ್ಷ ನನಗ. ಮತ್ತೇನೂ ತಿಳಿಲಿಲ್ಲ."

"ಅವ್ವ ತಾನಽ ಬ್ಯಾಡ ಅಂದೆ ಅಂತ ಹೇಳಿದ್ಲಲ್ಲ?"

"ನಾ ಅತ್ತಿ ಮುಂದ ಹೇಳಿದ್ನಿ, ಅವರು ಬಂದ್ರ ನನ್ನ ಕೊಲ್ಲತಾರ ಅಂತ. ಅದಕ್ಕ ಅತ್ತಿ ಅಂದ್ಲು: ನೀ ಅವನ ಕೂಡ ಬಾಳೇ ಮಾಡಾಕಿ. ಸಿಟ್ಟು ನನ್ನ ಮ್ಯಾಲೆ ಇರ್ಲಿ ಬಿಡು, ನಾ ಎಷ್ಟ ದಿನಾ ಇರತೇನಿ. ಸಾಯೂತನಕಾ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸಿಕೊಂಡ್ಲು."

ಹನ್ನೊಂದು ವರ್ಷ ಅವ್ವ ಬಡಿಸಿದ ತಾಟಿನಲ್ಲಿ ಅವಳ ಮುಖ ನೋಡದೆ ಉಂಡಿದ್ದೇನೆ. ಕಡೆಯ ದಿನ ಬಾಯಿಗೆ ನೀರು ಬಿಡುವಾಗಲೂ ಅವ್ವ ಅನ್ನಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಹೇಳಿಬಿಡಬಹುದಾಗಿತ್ತು. ಹೇಳಿದ್ದರೆ ನಾನು ಈ ಹೆಂಗಸನ್ನು ತವರಿಗೆ ಅಟ್ಟುತ್ತಿದ್ದೆ, ಆಗಿನ ನನ್ನ ಸಿಟ್ಟು ನನಗೆ ಗೊತ್ತು. ಆನಂದ ಎಲ್ಲಿಂದ ಬರುತ್ತಿದ್ದ, ಅಂಕಿತಾ ಎಲ್ಲಿಂದ? ನನ್ನ ಸಂಸಾರ ಉಳಿಸಲು ಅವ್ವ ತನ್ನ ಮಗನನ್ನೇ ಬಿಟ್ಟುಕೊಟ್ಟಳು.

"ಈಗ ಯಾಕ ಹೇಳಿದಿ?" ಎಂದು ಕೇಳಿದೆ.

"ಮೊನ್ನಿ ಆನಂದಗ ಹೇಳಿದ್ನಲ್ಲ. ಆಂವ ತಡಕೊಂಡ. ಅವತ್ತಿಂದ ಅದಽ ತಲ್ಯಾಗ ಕುಂತೈತಿ. ನಿಮಗ ಹೇಳಿದ್ರ ನೀವೂ ತಡಕೊಂತಿದ್ರೇನೋ. ನಂದಽ ತಪ್ಪಾತೇನೋ."

ಸುಳ್ಳು ಹೇಳಿ ಸಮಾಧಾನ ಮಾಡುವ ಮನುಷ್ಯ ನಾನು, ಆದರೆ ಇದಕ್ಕೆ ಸುಳ್ಳು ಬೇಕಾಗಲಿಲ್ಲ. ಆ ಡಿಸೆಂಬರಿನ ಕಂದಕ, ಆ ಥಂಡಿ, ಪಕ್ಕದಲ್ಲೇ ಬಿದ್ದವರು, ಎಲ್ಲ ಕಣ್ಣ ಮುಂದೆ ಬಂತು. ಆನಂದನಿಗೆ ನಲವತ್ತು ವರ್ಷ, ಅವನಿಗೆ ಕೇಳಲು ಫೋನಿತ್ತು, ಮಗಳು ಉಸಿರಾಡುತ್ತಿದ್ದಳು. ನನಗೆ ಇಪ್ಪತ್ತು ವರ್ಷ. ಕಾಗದ ಬಂದಿದ್ದರೆ ಕೈಯಲ್ಲಿ ಅದೊಂದೇ, ಕೂಸು ಮಣ್ಣಿನಲ್ಲಿ.

"ತಪ್ಪಲ್ಲ" ಅಂದೆ. "ಆ ಕಾಗದಾ ಬಂದಿದ್ರ ನಾ ಅವತ್ತಽ ಎದ್ದು ನಿಂತು ಸಾಯ್ತಿದ್ನಿ. ನೀ ನನ್ನ ಉಳಿಸಿದಿ."

ಅವಳು ಕಂಡಿಕೆಯನ್ನು ಕೆಳಗಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊನ್ನಪ್ಪನಿಗಾಗಿ ಅವಳು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು. ನಾನು ಕುಣಿಯಿಂದ ಮೇಲೆದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತು ಅತ್ತೆ.